ವಿದ್ಯಾರ್ಥಿಯ ಆತ್ಮಾವಲೋಕನ: ಅದರ ಫಲ ಮತ್ತು ಮಿತಿ



ಪರೀಕ್ಷೆಗಳ ಫಲಿತಾಂಶ ಪ್ರಕಟವಾಗುವ ದಿನಗಳಲ್ಲಿ ಮಠಕ್ಕೆ ದರ್ಶನಕ್ಕೆಂದು ಬರುವ ತಂದೆತಾಯಿಗಳಿಂದ ಎರಡು ಬಗೆಯ ಅಳಲು ಕೇಳಿಬರುತ್ತದೆ. ತಾನು ಎಲ್ಲಿ ತಪ್ಪಿದೆನೆಂದು ಮಗ ಒಮ್ಮೆಯೂ ಯೋಚಿಸುವುದಿಲ್ಲ ಎಂಬುದು ಒಂದು. ತಪ್ಪಿದ್ದನ್ನೇ ನೆನೆನೆನೆದು ಮಗಳು ಪುಸ್ತಕವನ್ನೇ ಮುಟ್ಟುತ್ತಿಲ್ಲ ಎಂಬುದು ಇನ್ನೊಂದು. ಮೇಲುನೋಟಕ್ಕೆ ಇವು ಬೇರೆ ಬೇರೆ ಕಷ್ಟಗಳು. ಆದರೆ ಎರಡರ ಬೇರೂ ಒಂದೇ. ತನ್ನನ್ನು ತಾನು ನೋಡಿಕೊಳ್ಳುವ ಗುಣ ಆ ಮಗನಲ್ಲಿ ಸಾಲದು, ಈ ಮಗಳಲ್ಲಿ ಮಿತಿಮೀರಿದೆ.

ಆತ್ಮಾವಲೋಕನವೆಂದೊಡನೆ ನಾವು ಸಾಧಕರನ್ನು, ವಿರಕ್ತರನ್ನು ನೆನೆಯುತ್ತೇವೆ. ಇಂದು ಅದು ಶಾಲೆಯ ಮಾತೂ ಆಗಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮಕ್ಕಳ ಪ್ರಗತಿಪತ್ರದಲ್ಲಿ ಶಿಕ್ಷಕರ ಮೌಲ್ಯಮಾಪನದ ಜೊತೆಗೆ ವಿದ್ಯಾರ್ಥಿಯ ಸ್ವಮೌಲ್ಯಮಾಪನ ಹಾಗೂ ಸಹಪಾಠಿಗಳ ಮೌಲ್ಯಮಾಪನವೂ ಇರಬೇಕೆಂದು ಹೇಳಿದೆ. ಆದ್ದರಿಂದ ಈ ಗುಣದಿಂದ ವಿದ್ಯೆಗೆ ದೊರೆಯುವ ಲಾಭವೇನು, ಅದು ಎಲ್ಲಿ ಕೆಡುಕಾಗಿ ತಿರುಗುತ್ತದೆ ಎಂಬುದನ್ನು ಚರಿತ್ರೆಯ ಆಧಾರದಿಂದ ವಿಚಾರಿಸುವುದು ಉಚಿತವೆನಿಸುತ್ತದೆ.

ಮೊದಲು ಕಲ್ಯಾಣದತ್ತ ನೋಡೋಣ. ಶರಣರ ಸಂವಾದಗಳನ್ನು ನಮಗೆ ಕಟ್ಟಿಕೊಟ್ಟ ಗ್ರಂಥ ಶೂನ್ಯಸಂಪಾದನೆ. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಇದನ್ನು ಮೊದಲು ಸಂಕಲಿಸಿದನು. ಆ ಬಳಿಕ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯರು ಅದನ್ನು ಪರಿಷ್ಕರಿಸಿದರು. ಬಸವಣ್ಣನವರ ಕಾಲಕ್ಕೂ ಈ ಸಂಕಲನಕ್ಕೂ ನಡುವೆ ಸುಮಾರು ಮೂರು ಶತಮಾನಗಳ ಅಂತರವಿರುವುದರಿಂದ ಅದರ ಪ್ರಸಂಗಗಳನ್ನು ಕಣ್ಣಾರೆ ಕಂಡವರ ವರದಿಯೆಂದು ಓದಲಾಗದು. ಆದರೆ ಶರಣ ಪರಂಪರೆಯು ಆತ್ಮಾವಲೋಕನವನ್ನು ಹೇಗೆ ಅರ್ಥೈಸಿತ್ತು ಎಂಬುದಕ್ಕೆ ಅದಕ್ಕಿಂತ ಉತ್ತಮವಾದ ಸಾಕ್ಷಿ ದುರ್ಲಭ.

ಅದರಲ್ಲಿ ಎರಡು ಪ್ರಸಂಗಗಳು ನಮ್ಮ ವಿಷಯಕ್ಕೆ ನೇರವಾಗಿ ಸಲ್ಲುತ್ತವೆ. ಸೊನ್ನಲಿಗೆಯ ಸಿದ್ಧರಾಮನು ಕೆರೆಗಳನ್ನು ತೋಡಿಸುತ್ತ, ಗುಡಿಗಳನ್ನು ಕಟ್ಟಿಸುತ್ತ ಲೋಕೋಪಕಾರದಲ್ಲಿ ಮುಳುಗಿದ್ದಾನೆ. ಅಲ್ಲಮಪ್ರಭುಗಳು ಅಲ್ಲಿಗೆ ಬಂದು, ಮಾಡುವ ಕೆಲಸದ ಒಳಗೆ ಮಾಡುವೆನೆಂಬ ಅಹಂಭಾವ ಅಡಗಿರುವುದನ್ನು ತೋರಿಸಿಕೊಡುತ್ತಾರೆ. ದುಡಿಮೆ ಅಪಾರವಾಗಿತ್ತು, ಒಳನೋಟ ಕಡಿಮೆಯಿತ್ತು. ಇದು ಒಂದು ಬದಿ.

ಇನ್ನೊಂದು ಬದಿಯನ್ನು ತೋರುವುದು ಆಯ್ದಕ್ಕಿ ಮಾರಯ್ಯನ ಪ್ರಸಂಗ. ಮಾರಯ್ಯನದು ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವ ಕಾಯಕ. ಒಂದು ದಿನ ಅವನು ಶರಣರ ಅನುಭಾವ ಗೋಷ್ಠಿಯಲ್ಲಿ ಮೈಮರೆತು ಕುಳಿತುಬಿಡುತ್ತಾನೆ. ಕಾಯಕದ ಹೊತ್ತು ಮೀರುತ್ತದೆ. ಆಗ ಅವನ ಸತಿ ಲಕ್ಕಮ್ಮ ಬಂದು, ಕಾಯಕ ನಿಂತುಹೋಗಿದೆ ಎಂದು ನೆನಪಿಸುತ್ತಾಳೆ. ಅವನು ಎದ್ದುಹೋಗಿ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಈ ಹೆಚ್ಚಿನದು ಯಾವ ಮನಸ್ಸಿನಿಂದ ಬಂತೆಂದು ಕೇಳಿ, ಮಿಕ್ಕದ್ದನ್ನು ಮರಳಿ ಸುರಿದು ಬರಲು ಹೇಳುತ್ತಾಳೆ.

ಈ ಕಥೆಯನ್ನು ನಾವು ಸಾಮಾನ್ಯವಾಗಿ ನಿರಾಸೆಯ, ಅಪರಿಗ್ರಹದ ಪಾಠವಾಗಿ ಹೇಳುತ್ತೇವೆ. ಅದು ಸರಿಯೇ. ಆದರೆ ಅದರ ಮೊದಲ ಭಾಗವನ್ನು ಗಮನಿಸಬೇಕು. ಮಾರಯ್ಯ ಹೊತ್ತು ಕಳೆದದ್ದು ಹರಟೆಯಲ್ಲಲ್ಲ, ತನ್ನ ಅರಿವನ್ನು ಶೋಧಿಸುವ ಅತ್ಯುನ್ನತ ಚಿಂತನೆಯಲ್ಲಿ. ಆದರೂ ಲಕ್ಕಮ್ಮ ಅದನ್ನು ಒಪ್ಪಲಿಲ್ಲ. ಅರಿವಿನ ಮಾತು ಎಷ್ಟೇ ದೊಡ್ಡದಾಗಿರಲಿ, ಅದು ಆ ಹೊತ್ತಿನ ಕೆಲಸವನ್ನು ನುಂಗಿಹಾಕಿದರೆ ದೋಷವೇ ಎಂಬುದು ಅವಳ ನಿಲುವು. ಅಲ್ಲದೆ, ಆ ದೋಷವನ್ನು ಮಾರಯ್ಯ ತಾನಾಗಿ ಕಾಣಲಿಲ್ಲ, ಅವಳು ಕಂಡು ತೋರಿಸಬೇಕಾಯಿತು. ಆತ್ಮಾವಲೋಕನದ ಮಿತಿಯನ್ನು ಕುರಿತು ಹೇಳಬೇಕಾದ ಮಾತುಗಳಲ್ಲಿ ಮುಖ್ಯವಾದ ಎರಡು ಇಲ್ಲಿಯೇ ಇವೆ.

ಮಾರಯ್ಯ ಅನುಭಾವಿ, ಶಾಲೆಯ ವಿದ್ಯಾರ್ಥಿಯಲ್ಲ. ಪಾಠ ಕಲಿಯುವ ವಿದ್ಯಾರ್ಥಿಗೆ ಇಂಥದ್ದು ಸಂಭವಿಸೀತೇ ಎಂದು ಕೇಳಬಹುದು. ಸಂಭವಿಸಿದೆ. ಅದನ್ನು ಸ್ವತಃ ಅನುಭವಿಸಿ ಹೇಳಿದವರು ಕಲ್ಯಾಣದಿಂದ ಬಹುದೂರದಲ್ಲಿ, ಬೇರೊಂದು ಧರ್ಮದಲ್ಲಿ ಬಾಳಿದ ಸ್ಪೇನಿನ ಇಗ್ನೇಷಿಯಸ್ ಲೊಯೋಲಾ. ಮಂಗಳೂರಿನಲ್ಲಿ 1880ರಲ್ಲಿ ಆರಂಭವಾದ ಸಂತ ಅಲೋಶಿಯಸ್ ಕಾಲೇಜಿನಿಂದಾಗಿ ಕನ್ನಡ ನಾಡಿಗೂ ಪರಿಚಿತವಾಗಿರುವ ಜೆಸ್ವಿಟ್ ಸಂಘದ ಸ್ಥಾಪಕರು ಅವರು. ತಮ್ಮ ಜೀವನದ ಕಥೆಯನ್ನು 1553ರಿಂದ 1555ರ ನಡುವೆ ತಮ್ಮ ಸಂಘದ ಒಬ್ಬರಿಗೆ ಬಾಯಿಯಲ್ಲಿ ಹೇಳಿದರು. ಹಾಗೆ ಹೇಳುವಾಗ ತಮ್ಮನ್ನು 'ನಾನು' ಎನ್ನದೆ 'ಅವನು' ಎಂದೇ ಕರೆದುಕೊಂಡರು. ಆ ಕಥನದಿಂದ ನಮಗೆ ತಿಳಿದುಬರುವ ಸಂಗತಿಗಳಿವು.

1491ರ ಸುಮಾರಿಗೆ ಜನಿಸಿದ ಇಗ್ನೇಷಿಯಸ್ ಮೊದಲು ಸೈನಿಕ. 1521ರಲ್ಲಿ ಪಾಂಪ್ಲೋನಾದ ಕೋಟೆಯ ರಕ್ಷಣೆಯಲ್ಲಿ ಫಿರಂಗಿಯ ಗುಂಡು ತಗುಲಿ ಕಾಲು ಮುರಿಯಿತು. ಹಾಸಿಗೆ ಹಿಡಿದಾಗ ಓದಿದ ಸಂತರ ಚರಿತ್ರೆಗಳು ಅವರ ಮನಸ್ಸನ್ನು ತಿರುಗಿಸಿದವು. 1522ರಲ್ಲಿ ಮನ್ರೇಸಾ ಎಂಬ ಊರಿನಲ್ಲಿ ತಪಸ್ಸಿಗೆ ನಿಂತರು. ಹಿಂದಿನ ಬದುಕಿನ ಪಾಪಗಳನ್ನೆಲ್ಲ ಬರೆದಿಟ್ಟು ಗುರುಗಳ ಮುಂದೆ ನಿವೇದಿಸಿದ್ದಾಗಿತ್ತು. ಆದರೂ ಏನೋ ಬಿಟ್ಟುಹೋಯಿತೆಂಬ ಶಂಕೆ. ಮತ್ತೆ ನಿವೇದನೆ, ಮತ್ತೆ ಶಂಕೆ. ಸ್ಪಷ್ಟವಾಗಿ ತೋರಿದ್ದನ್ನು ಬಿಟ್ಟು ಹಳೆಯದನ್ನು ಮತ್ತೆ ಹೇಳಬೇಡವೆಂದು ಗುರುಗಳು ವಿಧಿಸಿದರು. ಅದೂ ಫಲಿಸಲಿಲ್ಲ, ಅವರಿಗೆ ಎಲ್ಲವೂ ಸ್ಪಷ್ಟವಾದ ಪಾಪವಾಗಿಯೇ ತೋರುತ್ತಿತ್ತು. ಒಂದು ವಾರ ಅನ್ನ ನೀರು ಬಿಟ್ಟರು. ಪ್ರಾಣವನ್ನೇ ಬಿಡಬೇಕೆಂಬ ಯೋಚನೆಯೂ ಸುಳಿಯಿತು. ಗುರುಗಳ ಆಜ್ಞೆಯಿಂದ ಉಪವಾಸ ಮುರಿದು, ಕೊನೆಗೊಂದು ದಿನ ಈ ಶೋಧನೆ ತನ್ನನ್ನು ಒಳ್ಳೆಯದರತ್ತ ಒಯ್ಯುತ್ತಿಲ್ಲವೆಂದು ಕಂಡುಕೊಂಡರು. ಕಳೆದುಹೋದುದನ್ನು ಇನ್ನು ಕೆದಕುವುದಿಲ್ಲವೆಂದು ನಿಶ್ಚಯಿಸಿದರು. ಅಂದಿನಿಂದ ಬಿಡುಗಡೆಯಾಯಿತು.

ತಪ್ಪನ್ನೇ ನೆನೆಯುತ್ತ ಪುಸ್ತಕ ಮುಟ್ಟದ ಆ ಹುಡುಗಿಯ ಸ್ಥಿತಿಗೂ ಮನ್ರೇಸಾದ ಈ ಸ್ಥಿತಿಗೂ ಸ್ವರೂಪದಲ್ಲಿ ವ್ಯತ್ಯಾಸವಿಲ್ಲ. ತನ್ನನ್ನು ನೋಡಿಕೊಳ್ಳುವುದು ತಿದ್ದಿಕೊಳ್ಳುವುದಕ್ಕಾಗಿ. ತಿದ್ದಿಕೊಳ್ಳುವ ಹೆಜ್ಜೆಯೇ ಇಲ್ಲದೆ ನೋಡುವುದಷ್ಟೇ ಉಳಿದರೆ ಅದು ಶೋಧನೆಯಾಗದೆ ಯಾತನೆಯಾಗುತ್ತದೆ.

ಇಗ್ನೇಷಿಯಸ್ ವಿದ್ಯಾರ್ಥಿಯಾದದ್ದು ಇದರ ನಂತರ. 1524ರಲ್ಲಿ, ಮೂವತ್ತಮೂರರ ಆಸುಪಾಸಿನ ವಯಸ್ಸಿನಲ್ಲಿ, ಬಾರ್ಸಿಲೋನಾ ನಗರದಲ್ಲಿ ಲ್ಯಾಟಿನ್ ವ್ಯಾಕರಣ ಕಲಿಯಲು ಕುಳಿತರು. ವ್ಯಾಕರಣದ ಆರಂಭವೆಂದರೆ ಬಾಯಿಪಾಠ. ಅವರು ಕ್ರಿಯಾಪದಗಳ ರೂಪಗಳನ್ನು ಉರುಹೊಡೆಯಲು ತೊಡಗಿದೊಡನೆ ಮನಸ್ಸಿನಲ್ಲಿ ಆಧ್ಯಾತ್ಮಿಕ ಹೊಳಹುಗಳು, ಹೊಸ ಆನಂದಗಳು ಉಕ್ಕಿಬರುತ್ತಿದ್ದವು. ಪಾಠ ತಲೆಗೆ ಹತ್ತುತ್ತಿರಲಿಲ್ಲ. ಅನೇಕರು ಇದನ್ನು ದೈವಕೃಪೆಯೆಂದೇ ಭಾವಿಸುತ್ತಿದ್ದರು. ಅವರು ಮಾತ್ರ ಒಂದು ಪ್ರಶ್ನೆ ಹಾಕಿಕೊಂಡರು: ಪ್ರಾರ್ಥನೆಗೆ ಕುಳಿತಾಗಲೂ ಬಾರದಷ್ಟು ತೀವ್ರವಾಗಿ ಈ ಹೊಳಹುಗಳು ಪಾಠದ ಹೊತ್ತಿನಲ್ಲಿಯೇ ಏಕೆ ಬರುತ್ತವೆ? ಇದು ಪ್ರಲೋಭನೆಯೆಂದು ತಿಳಿದರು. ಗುರುಗಳನ್ನು ಹತ್ತಿರದ ಚರ್ಚಿಗೆ ಕರೆದೊಯ್ದು ಕೂರಿಸಿ, ನಡೆದುದನ್ನೆಲ್ಲ ಮುಚ್ಚಿಡದೆ ಹೇಳಿದರು. ಆ ಊರಿನಲ್ಲಿ ತನಗೆ ರೊಟ್ಟಿ ನೀರು ಸಿಗುವವರೆಗೆ ಎರಡು ವರ್ಷ ಪಾಠ ತಪ್ಪಿಸುವುದಿಲ್ಲವೆಂದು ಮಾತು ಕೊಟ್ಟರು. ಅಲ್ಲಿಗೆ ಆ ಅಡ್ಡಿ ನಿಂತಿತು.

ಲಕ್ಕಮ್ಮನ ಮಾತಿಗೂ ಈ ಪ್ರಸಂಗಕ್ಕೂ ಇರುವ ಹೋಲಿಕೆಯನ್ನು ಓದುಗರು ಈಗಾಗಲೇ ಗುರುತಿಸಿರಬಹುದು. ವಿದ್ಯಾರ್ಥಿಗೆ ಪಾಠವೇ ಕಾಯಕ. ಆ ಹೊತ್ತಿನಲ್ಲಿ ಅದನ್ನು ಬಿಡಿಸುವ ಯೋಚನೆ ಸವಿಯಾಗಿದ್ದರೂ ಉನ್ನತವಾಗಿದ್ದರೂ ಅಡ್ಡಿಯೇ. ಇಲ್ಲಿ ಅಡ್ಡಿಯನ್ನು ಗುರುತಿಸಿದ್ದು ಸ್ವಂತ ವಿವೇಕ, ಆದರೆ ಅದು ನಿವಾರಣೆಯಾದದ್ದು ಇನ್ನೊಬ್ಬರ ಮುಂದೆ ಬಾಯಿಬಿಟ್ಟು ಹೇಳಿ ಮಾತು ಕೊಟ್ಟ ಮೇಲೆ.

ಆತ್ಮಾವಲೋಕನದ ಫಲವನ್ನೂ ಇದೇ ವಿದ್ಯಾರ್ಥಿಯ ಬದುಕಿನಲ್ಲಿ ಕಾಣಬಹುದು. ಬಾರ್ಸಿಲೋನಾದ ನಂತರ ಅಲ್ಕಲಾ, ಸಲಮಾಂಕಾ ನಗರಗಳಲ್ಲಿ ಓದನ್ನು ಅವಸರವಸರವಾಗಿ ಮುಂದುವರಿಸಿದ ಅವರು 1528ರಲ್ಲಿ ಪ್ಯಾರಿಸ್ ವಿಶ್ವವಿದ್ಯಾಲಯಕ್ಕೆ ಬಂದರು. ಬಂದ ಮೇಲೆ ತಮ್ಮ ವಿದ್ಯೆಯನ್ನು ತಾವೇ ತೂಗಿ ನೋಡಿ, ಬುನಾದಿಯೇ ಗಟ್ಟಿಯಿಲ್ಲವೆಂದು ಒಪ್ಪಿಕೊಂಡರು. ಸುಮಾರು ಮೂವತ್ತೇಳರ ವಯಸ್ಸಿನಲ್ಲಿ ಚಿಕ್ಕ ಹುಡುಗರ ಸಾಲಿನಲ್ಲಿ ಕುಳಿತು ಲ್ಯಾಟಿನ್ ಭಾಷೆಯನ್ನು ಮತ್ತೆ ಮೊದಲಿನಿಂದ ಕಲಿತರು. ಏಳು ವರ್ಷಗಳ ವ್ಯಾಸಂಗದ ನಂತರ 1535ರಲ್ಲಿ ಅವರಿಗೆ ಸ್ನಾತಕೋತ್ತರ ಪದವಿ ದೊರೆಯಿತು. ತನಗೆ ಏನು ಬಾರದು ಎಂಬುದನ್ನು ನಾಚದೆ ಅರಿಯುವುದು ಎಷ್ಟು ದೊಡ್ಡ ಲಾಭವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಈ ಅನುಭವಗಳ ಸಾರವನ್ನು ಅವರು ನಿಯಮವಾಗಿ ಇಳಿಸಿದರು. 1548ರಲ್ಲಿ ಅಚ್ಚಾದ ಅವರ ಸಾಧನಾಗ್ರಂಥದಲ್ಲಿ ಒಂದು ಸರಳವಾದ ಕ್ರಮವಿದೆ. ಒಂದು ಕಾಲಕ್ಕೆ ಒಂದೇ ದೋಷವನ್ನು ಆರಿಸಿಕೊಳ್ಳಬೇಕು. ಬೆಳಗ್ಗೆ ಎದ್ದಾಗ ಸಂಕಲ್ಪ, ಮಧ್ಯಾಹ್ನ ಮತ್ತು ರಾತ್ರಿ ಊಟದ ನಂತರ ಪರಿಶೀಲನೆ. ವಾರದ ಏಳು ದಿನಗಳಿಗೆ ಗೆರೆಗಳನ್ನೆಳೆದು, ತಪ್ಪಿದ ಸಲಕ್ಕೊಂದು ಚುಕ್ಕೆ ಇಟ್ಟು, ನಿನ್ನೆಗೂ ಇಂದಿಗೂ ಹೋಲಿಸಬೇಕು. ಇನ್ನು ತಮ್ಮ ಸಂಘದ ವಿದ್ಯಾರ್ಥಿಗಳಿಗೆ ಅವರು ಬರೆದ ಸಂವಿಧಾನವು ನೆನಪಿಡತಕ್ಕದ್ದು. ನಿತ್ಯದ ಪೂಜೆಯನ್ನು ಬಿಟ್ಟರೆ ಪ್ರಾರ್ಥನೆಗೂ ದಿನಕ್ಕೆರಡು ಬಾರಿಯ ಆತ್ಮಪರೀಕ್ಷೆಗೂ ಸೇರಿ ಒಂದು ಗಂಟೆ ಸಾಕೆಂದು ಅದು ವಿಧಿಸಿತು. ವಿದ್ಯೆಯು ಇಡೀ ಮನುಷ್ಯನನ್ನು ಬೇಡುತ್ತದೆ, ಆದ್ದರಿಂದ ಓದುವ ಕಾಲದಲ್ಲಿ ಧ್ಯಾನಕ್ಕೂ ಮಿತಿಯಿರಲಿ ಎಂಬುದು ಅದರ ತಾತ್ಪರ್ಯ. ಆತ್ಮಾವಲೋಕನವನ್ನು ಅಷ್ಟು ಗಾಢವಾಗಿ ಬಲ್ಲವರೇ ವಿದ್ಯಾರ್ಥಿಗಳಿಗಾಗಿ ಅದಕ್ಕೆ ಬೇಲಿ ಕಟ್ಟಿದ್ದು ಗಮನಾರ್ಹ.

ರಾತ್ರಿಯ ಆತ್ಮಪರೀಕ್ಷೆಯನ್ನು ಇಗ್ನೇಷಿಯಸ್ ಹೊಸದಾಗಿ ಕಂಡುಹಿಡಿಯಲಿಲ್ಲ. ಕ್ರಿಸ್ತಶಕ 65ರಲ್ಲಿ ತೀರಿಕೊಂಡ ರೋಮಿನ ತತ್ತ್ವಜ್ಞಾನಿ ಸೆನೆಕಾ, ದೀಪ ತೆಗೆದ ಮೇಲೆ ಮಲಗುವ ಮುನ್ನ ಇಡೀ ದಿನದ ನಡೆನುಡಿಯನ್ನು ಪರಿಶೀಲಿಸುವ ತನ್ನ ರೂಢಿಯನ್ನು ಕೋಪವನ್ನು ಕುರಿತ ಗ್ರಂಥದಲ್ಲಿ ವರ್ಣಿಸಿದ್ದಾನೆ. ಅವನು ಏನನ್ನೂ ಮುಚ್ಚಿಟ್ಟುಕೊಳ್ಳುತ್ತಿರಲಿಲ್ಲ. ಆದರೆ ತಪ್ಪು ಕಂಡಾಗ ಇನ್ನೊಮ್ಮೆ ಹೀಗೆ ಮಾಡಬೇಡವೆಂದು ಹೇಳಿಕೊಂಡು ಈ ಬಾರಿಗೆ ತನ್ನನ್ನು ಕ್ಷಮಿಸಿಕೊಳ್ಳುತ್ತಿದ್ದನು. ತಪ್ಪನ್ನು ಕಾಣುವ ಕಣ್ಣಿನಲ್ಲಿಯೂ ಕರುಣೆ ಇರಬೇಕೆಂಬುದನ್ನು ಈ ರೂಢಿ ತಿಳಿಸುತ್ತದೆ. ಅದಿಲ್ಲದಿದ್ದರೆ ಮನ್ರೇಸಾದ ಹಾದಿ ದೂರವಿಲ್ಲ.

ಇನ್ನೊಂದು ಅಪಾಯವೂ ಇದೆ, ಅದು ಯಾತನೆಗೆ ತದ್ವಿರುದ್ಧವಾದದ್ದು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಹದಿಮೂರು ಸದ್ಗುಣಗಳ ಪಟ್ಟಿ ಮಾಡಿ, ವಾರಕ್ಕೊಂದರಂತೆ ಅಭ್ಯಾಸ ಮಾಡುತ್ತ, ತಪ್ಪಿದಾಗಲೆಲ್ಲ ಪುಟ್ಟ ಪುಸ್ತಕದಲ್ಲಿ ಕಪ್ಪು ಚುಕ್ಕೆ ಇಡುತ್ತಿದ್ದರು. ಪಟ್ಟಿಯ ಕೊನೆಯ ಗುಣ ವಿನಯ. ತಾನು ಅಹಂಕಾರವನ್ನು ಪೂರ್ಣವಾಗಿ ಗೆದ್ದೆನೆಂದು ಭಾವಿಸಿದರೂ, ಆಗ ಬಹುಶಃ ತನ್ನ ವಿನಯದ ಬಗ್ಗೆಯೇ ಅಹಂಕಾರಪಡುತ್ತಿರುತ್ತೇನೆ ಎಂಬರ್ಥದ ಮಾತನ್ನು ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ತನ್ನನ್ನು ನೋಡಿಕೊಳ್ಳುವವನು ನೋಡಿಕೊಳ್ಳುತ್ತಿದ್ದೇನೆಂಬ ಹೆಮ್ಮೆಗೆ ಬೀಳಬಹುದು. ಸಿದ್ಧರಾಮನಿಗೆ ಪ್ರಭುಗಳು ತೋರಿದ ಅಹಂಭಾವದ ಇನ್ನೊಂದು ರೂಪ ಇದು.

ಆದರೆ ಫ್ರಾಂಕ್ಲಿನ್ ಹುಡುಗರಾಗಿದ್ದಾಗ ಬರವಣಿಗೆ ಕಲಿತ ಬಗೆ ಪ್ರತಿಯೊಬ್ಬ ವಿದ್ಯಾರ್ಥಿಯೂ ಅನುಸರಿಸಬಹುದಾದದ್ದು. ಮುದ್ರಣಾಲಯದಲ್ಲಿ ದುಡಿಯುತ್ತಿದ್ದ ಅವರಿಗೆ ಲಂಡನ್ನಿನ 'ಸ್ಪೆಕ್ಟೇಟರ್' ಪತ್ರಿಕೆಯ ಒಂದು ಸಂಪುಟ ದೊರೆಯಿತು. ಅದರ ಪ್ರಬಂಧಗಳ ವಾಕ್ಯಗಳಿಗೆ ಚಿಕ್ಕ ಚಿಕ್ಕ ಟಿಪ್ಪಣಿ ಮಾಡಿಕೊಂಡು, ಕೆಲವು ದಿನ ಬಿಟ್ಟು, ಪುಸ್ತಕ ನೋಡದೆ ತಮ್ಮ ಮಾತಿನಲ್ಲಿ ಪ್ರಬಂಧವನ್ನು ಮತ್ತೆ ಬರೆಯುತ್ತಿದ್ದರು. ಆಮೇಲೆ ಮೂಲದೊಂದಿಗೆ ಹೋಲಿಸಿ ತಪ್ಪುಗಳನ್ನು ಕಂಡು ತಿದ್ದುತ್ತಿದ್ದರು. ನಾನು ಒಳ್ಳೆಯ ಲೇಖಕನೇ ಎಂದು ಅವರು ಇಲ್ಲಿ ಮನಸ್ಸನ್ನು ಕೇಳಲಿಲ್ಲ, ಮುಂದಿರುವ ಹಾಳೆಯನ್ನು ಕೇಳಿದರು.

ಮನಸ್ಸನ್ನು ಮಾತ್ರ ಕೇಳಿದರೆ ಏನಾಗುತ್ತದೆ ಎಂಬುದನ್ನು ಇತ್ತೀಚಿನ ಸಂಶೋಧನೆಗಳು ಅಳೆದು ತೋರಿಸಿವೆ. 1999ರಲ್ಲಿ ಅಮೆರಿಕದ ಡನ್ನಿಂಗ್ ಮತ್ತು ಕ್ರೂಗರ್ ಎಂಬ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ತರ್ಕ, ವ್ಯಾಕರಣ ಮೊದಲಾದ ಪರೀಕ್ಷೆ ಕೊಟ್ಟು, ತಾವು ಯಾವ ಸ್ಥಾನದಲ್ಲಿರಬಹುದೆಂದು ಕೇಳಿದರು. ನೂರು ಜನರನ್ನು ಕೆಳಗಿನಿಂದ ಮೇಲಕ್ಕೆ ನಿಲ್ಲಿಸಿದರೆ ಸರಾಸರಿ 12ನೆಯ ಸ್ಥಾನದಲ್ಲಿ ನಿಲ್ಲಬೇಕಾಗಿದ್ದ ಕೆಳಗಿನ ಗುಂಪಿನವರು ತಾವು 62ನೆಯ ಸ್ಥಾನದವರೆಂದು ಭಾವಿಸಿದ್ದರು. ಈ ಲೆಕ್ಕದ ವಿಧಾನದ ಮೇಲೆ ಅನಂತರ ಚರ್ಚೆಗಳು ನಡೆದಿವೆಯಾದರೂ, ಅರಿವು ಸಾಲದ ಕಡೆ ಅರಿವಿನ ಕೊರತೆಯೂ ಕಾಣದು ಎಂಬ ಮಾತು ಯೋಚಿಸತಕ್ಕದ್ದು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬವರು ನಡೆಸಿದ ಪ್ರಯೋಗ ಇನ್ನೂ ಸ್ಪಷ್ಟ. ಒಂದು ಗುಂಪು ಪಾಠವನ್ನು ನಾಲ್ಕು ಸಲ ಓದಿತು. ಇನ್ನೊಂದು ಗುಂಪು ಒಮ್ಮೆ ಓದಿ, ಮೂರು ಸಲ ಪುಸ್ತಕ ಮುಚ್ಚಿ ನೆನಪಿನಿಂದ ಬರೆಯಿತು. ವಾರದ ನಂತರ ನೆನಪಿನಲ್ಲಿ ಉಳಿಯುವುದೆಷ್ಟೆಂದು ಕೇಳಿದಾಗ ಓದಿದವರ ಧೈರ್ಯವೇ ಹೆಚ್ಚಾಗಿತ್ತು. ವಾರ ಕಳೆದ ಮೇಲೆ ಅವರಿಗೆ ಉಳಿದದ್ದು ಶೇಕಡಾ 40, ಬರೆದು ನೋಡಿದವರಿಗೆ ಉಳಿದದ್ದು ಶೇಕಡಾ 61. ಬಂತು ಎಂಬ ಅನಿಸಿಕೆ ಬೇರೆ, ಬಂದಿರುವುದು ಬೇರೆ.

ಅತಿಯಾದ ಒಳಚಿಂತೆಯ ಪರಿಣಾಮಕ್ಕೂ ಪುರಾವೆಯಿದೆ. 1989ರ ಅಕ್ಟೋಬರ್ 17ರಂದು ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ಭೂಕಂಪವಾಯಿತು. ಅದಕ್ಕೆ ಎರಡು ವಾರ ಮೊದಲು ಸೂಸನ್ ನೋಲೆನ್ ಹೊಕ್ಸೆಮಾ ಎಂಬ ವಿದುಷಿಯು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ದುಃಖ ಬಂದಾಗ ಹೇಗೆ ವರ್ತಿಸುತ್ತಾರೆಂದು ದಾಖಲಿಸಿದ್ದರು. ಭೂಕಂಪದ ನಂತರ ಅವರನ್ನೇ ಮತ್ತೆ ವಿಚಾರಿಸಿದಾಗ, ದುಃಖವನ್ನೇ ಮೆಲುಕು ಹಾಕುವ ಸ್ವಭಾವದವರಲ್ಲಿ ಖಿನ್ನತೆ ಹೆಚ್ಚಾಗಿ ಕಂಡುಬಂದಿತು. ಏಳು ವಾರಗಳ ಬಳಿಕವೂ ಅದು ಹಾಗೆಯೇ ಇತ್ತು. ಇದಕ್ಕೆ ಪ್ರತಿಯಾಗಿ, 1989ರಲ್ಲಿಯೇ ಮಿಶೆಲಿನ್ ಚೀ ಮತ್ತು ಸಂಗಡಿಗರು ಭೌತಶಾಸ್ತ್ರದ ಮಾದರಿ ಲೆಕ್ಕಗಳನ್ನು ಓದುವ ವಿದ್ಯಾರ್ಥಿಗಳನ್ನು ಗಮನಿಸಿದರು. ಚೆನ್ನಾಗಿ ಕಲಿತವರು ಪ್ರತಿ ಹೆಜ್ಜೆಯನ್ನೂ ತಮಗೆ ತಾವೇ ವಿವರಿಸಿಕೊಳ್ಳುತ್ತ, ಇಲ್ಲಿ ನನಗೆ ತಿಳಿಯಲಿಲ್ಲ ಎಂದು ನಿಲ್ಲುತ್ತಿದ್ದರು. ಕಲಿಯದವರು ತಿಳಿಯಿತೆಂದು ಮುಂದೆ ಸಾಗುತ್ತಿದ್ದರು. ಎರಡೂ ಒಳನೋಟವೇ. ಒಂದು 'ನಾನು ಎಂಥವನು' ಎಂದು ಕೇಳುತ್ತದೆ. ಇನ್ನೊಂದು 'ಈ ಹೆಜ್ಜೆ ನನಗೆ ತಿಳಿಯಿತೇ' ಎಂದು ಕೇಳುತ್ತದೆ. ವಿದ್ಯೆಗೆ ಬೇಕಾದದ್ದು ಈ ಎರಡನೆಯದು.

ಹೀಗಾಗಿ ಮನೆಯಲ್ಲಿ ಓದುವ ಮಕ್ಕಳಿರುವವರು ಕೆಲವು ಸಂಗತಿಗಳನ್ನು ಗಮನದಲ್ಲಿಡಬೇಕು. ದಿನದ ಕೊನೆಯಲ್ಲಿ ಹತ್ತು ನಿಮಿಷ ಹಿಂದಿರುಗಿ ನೋಡುವ ರೂಢಿ ಮಾಡಿಸಿ. ಆದರೆ ಹತ್ತು ನಿಮಿಷಕ್ಕೇ ಅದು ಮುಗಿಯಲಿ. ಪ್ರಶ್ನೆಯು ಮಗುವಿನ ಯೋಗ್ಯತೆಯನ್ನು ಕುರಿತಾಗಿರದೆ ಇಂದಿನ ಪಾಠವನ್ನು ಕುರಿತಾಗಿರಲಿ. ಪುಸ್ತಕ ಮುಚ್ಚಿ ಬರೆದು, ತೆರೆದು ತಾಳೆ ನೋಡಲಿ. ಒಂದು ಕಾಲಕ್ಕೆ ಒಂದೇ ದೋಷವನ್ನು ತಿದ್ದಿಕೊಳ್ಳಲಿ. ಕಂಡ ತಪ್ಪಿಗೆ ನಾಳೆ ಮಾಡಬೇಕಾದ ಒಂದು ಕೆಲಸ ಗೊತ್ತಾದ ಮೇಲೆ ಆ ತಪ್ಪನ್ನು ಅಲ್ಲಿಗೇ ಬಿಡಲಿ. ಶಾಲೆಯ ಸ್ವಮೌಲ್ಯಮಾಪನದ ಹಾಳೆಯನ್ನು ಮಗುವಿನ ಪರವಾಗಿ ನೀವೇ ತುಂಬಬೇಡಿ. ಅದರಲ್ಲಿ ಮಗು ಸತ್ಯ ಬರೆದರೆ ಅದಕ್ಕಾಗಿ ಗದರಿಸಲೂ ಬೇಡಿ. ಗದರಿಸಿದರೆ ಮುಂದಿನ ಸಲ ಅದು ಬರೆಯುವುದು ನಿಮಗೆ ಹಿತವಾಗುವುದನ್ನು ಮಾತ್ರ.

ಎಲ್ಲಕ್ಕಿಂತ ಮಿಗಿಲಾಗಿ, ಮಗುವನ್ನು ಅದರ ಕನ್ನಡಿಯ ಮುಂದೆ ಒಂಟಿಯಾಗಿ ಬಿಡಬೇಡಿ. ಸಿದ್ಧರಾಮನಿಗೆ ಪ್ರಭುಗಳಿದ್ದರು, ಮಾರಯ್ಯನಿಗೆ ಲಕ್ಕಮ್ಮ ಇದ್ದಳು, ಇಗ್ನೇಷಿಯಸ್‌ಗೆ ಮಾತು ಕೊಡಲು ಒಬ್ಬ ಗುರು ಇದ್ದರು. ಶರಣರು ಆತ್ಮಶೋಧನೆಯನ್ನು ಗುಹೆಯಲ್ಲಿ ಕುಳಿತು ಮಾಡದೆ ಗೋಷ್ಠಿಯಲ್ಲಿ ಕೂಡಿ ಮಾಡಿದ್ದು ಸುಮ್ಮನೆ ಅಲ್ಲ. ತನ್ನ ಬೆನ್ನನ್ನು ತಾನು ಕಾಣಲಾರೆನೆಂಬ ಅರಿವೂ ಆತ್ಮಾವಲೋಕನದ ಒಂದು ಭಾಗ. ತಪ್ಪನ್ನೇ ನೆನೆಯುತ್ತ ಕುಳಿತ ಆ ಹುಡುಗಿಗೆ ಇನ್ನಷ್ಟು ಯೋಚಿಸೆಂದು ಹೇಳುವವರು ಬೇಡ. ಪಕ್ಕದಲ್ಲಿ ಕುಳಿತು, ಪುಸ್ತಕ ತೆರೆದು, ಎಲ್ಲಿ ತಿಳಿಯಲಿಲ್ಲ ಹೇಳು ಎಂದು ಕೇಳುವ ಒಬ್ಬರು ಬೇಕು.